ನೋಟ್ ವರ್ಬಾಲ್, ಡಿಮಾರ್ಶ್, ನಾನ್-ಪೇಪರ್: ಸರ್ಕಾರಗಳು ಒಂದಕ್ಕೊಂದು ಬರೆಯುವ ಕಾಗದಗಳನ್ನು ಓದುವುದು ಹೇಗೆ?

ಶರಾವತಿ_ಓದುಗ

2024ರ ಡಿಸೆಂಬರ್ 23ರಂದು ಶೇಖ್ ಹಸೀನಾ ಅವರನ್ನು ಒಪ್ಪಿಸುವಂತೆ ಕೇಳಿ ಬಾಂಗ್ಲಾದೇಶ ಭಾರತಕ್ಕೆ ನೋಟ್ ವರ್ಬಾಲ್ ಕಳಿಸಿತು ಎಂಬ ಸುದ್ದಿ ನೆನಪಿರಬಹುದು. ಭಾರತದ ವಿದೇಶಾಂಗ ಸಚಿವಾಲಯ "ಟಿಪ್ಪಣಿ ತಲುಪಿದೆ, ಸದ್ಯಕ್ಕೆ ಹೇಳುವುದೇನೂ ಇಲ್ಲ" ಎಂದು ಸುಮ್ಮನಾಯಿತು. ಇದು ಬಾಯಿಮಾತೋ, ಬರಹವೋ? ಪತ್ರಿಕೆಗಳಲ್ಲಿ ಡಿಮಾರ್ಶ್, ಏಡ್-ಮೆಮ್ವಾರ್, ನಾನ್-ಪೇಪರ್ ಅಂತಲೂ ಬರುತ್ತದೆ. ಇವೆಲ್ಲ ಒಂದೇನಾ? ಇವುಗಳಲ್ಲಿ ಯಾವುದು ಸರ್ಕಾರವನ್ನು ಕಟ್ಟಿಹಾಕುತ್ತದೆ, ಯಾವುದು ಇಲ್ಲ? ಗೊತ್ತಿರುವವರು ಬಿಡಿಸಿ ಹೇಳಿ.

ದಫ್ತರ

ಬರಹವೇ. ಎದುರುಬದುರು ಕೂತು ಆಡಬಹುದಾದ ಮಾತನ್ನು ಕಾಗದಕ್ಕೆ ಇಳಿಸಿದ್ದು ಅಂದುಕೊಳ್ಳಿ. ರಾಯಭಾರ ಕಚೇರಿಗಳ ದಿನನಿತ್ಯದ ವ್ಯವಹಾರ ನಡೆಯುವುದೇ ಇದರಲ್ಲಿ: ಹೊಸ ಅಧಿಕಾರಿ ಬಂದಿದ್ದಾರೆ, ಹಳಬರು ಹೋಗುತ್ತಿದ್ದಾರೆ, ನಿಯೋಗಕ್ಕೆ ವೀಸಾ ಬೇಕು, ಕಚೇರಿಗೆ ತರಿಸಿದ ಕಾರಿಗೆ ಸುಂಕ ವಿನಾಯಿತಿ ಬೇಕು, ಸೇನಾ ವಿಮಾನ ನಿಮ್ಮ ಆಕಾಶದಲ್ಲಿ ಹಾದುಹೋಗಲು ಅನುಮತಿ ಬೇಕು. ತೀವ್ರ ಪ್ರತಿಭಟನೆಯೂ ಇದೇ ರೂಪದಲ್ಲಿ ಹೋಗುತ್ತದೆ. ಹಾಗಾಗಿ "ನೋಟ್ ವರ್ಬಾಲ್ ಕಳಿಸಿದರು" ಎಂದ ಮಾತ್ರಕ್ಕೆ ಸಂಬಂಧ ಕೆಟ್ಟಿತು ಎಂದು ಅರ್ಥವಲ್ಲ.

ಇದನ್ನು ಗುರುತಿಸುವುದು ಸುಲಭ. ಬರೆಯುವುದು ವ್ಯಕ್ತಿಯಲ್ಲ, ಕಚೇರಿ. ಆದ್ದರಿಂದ ಉದ್ದಕ್ಕೂ ಪ್ರಥಮ ಪುರುಷ. "ನಾನು", "ನಾವು", "ತಾವು" ಎಲ್ಲೂ ಬರುವುದಿಲ್ಲ. ಮೇಲೆ ಕಚೇರಿಯ ಮುದ್ರಿತ ಶಿರೋನಾಮೆ, ಟಿಪ್ಪಣಿಯ ಸಂಖ್ಯೆ. ಆಮೇಲೆ ವಂದನೆಯ ಸಾಲು, ವಿಷಯ, ಗೌರವದ ಸಾಲು, ಸ್ಥಳ, ದಿನಾಂಕ. ಪೂರ್ತಿ ಸಹಿ ಇರುವುದಿಲ್ಲ. ಕಚೇರಿಯ ಮೊಹರು ಒತ್ತಿ, ಅದರ ಪಕ್ಕದಲ್ಲೋ ಮೇಲೋ ಅಧಿಕಾರ ಇರುವವರು ಕಿರುಸಹಿ ಹಾಕುತ್ತಾರೆ. ಯಾರಿಗೆ ಎಂಬುದು ಸಾಮಾನ್ಯವಾಗಿ ಕೊನೆಯಲ್ಲಿ, ಎಡಗಡೆ ಕೆಳಗೆ. ಕನ್ನಡದಲ್ಲಿ ಬರೆದರೆ ಒಕ್ಕಣೆ ಹೀಗಿರುತ್ತದೆ:

"ಇಂಥ ದೇಶದ ರಾಯಭಾರ ಕಚೇರಿಯು ವಿದೇಶಾಂಗ ಸಚಿವಾಲಯಕ್ಕೆ ವಂದನೆಗಳನ್ನು ಸಲ್ಲಿಸುತ್ತದೆ ಹಾಗೂ ಸಚಿವಾಲಯದ ಇಂಥ ದಿನಾಂಕದ, ಇಂಥ ಸಂಖ್ಯೆಯ ಟಿಪ್ಪಣಿಯನ್ನು ಉಲ್ಲೇಖಿಸಿ ಈ ಕೆಳಗಿನಂತೆ ತಿಳಿಸುವ ಗೌರವ ಹೊಂದಿದೆ.

ವಾಣಿಜ್ಯ ವಿಭಾಗದ ಪ್ರಥಮ ಕಾರ್ಯದರ್ಶಿಯವರು ತಮ್ಮ ಅವಧಿ ಮುಗಿಸಿ ಇಂಥ ದಿನಾಂಕದಂದು ಕುಟುಂಬಸಮೇತ ತೆರಳಲಿದ್ದಾರೆ. ಅವರಿಗೆ ನೀಡಿದ್ದ ಗುರುತಿನ ಚೀಟಿಗಳನ್ನು ಇದರೊಂದಿಗೆ ಹಿಂದಿರುಗಿಸಲಾಗಿದೆ.

ಈ ಸಂದರ್ಭದಲ್ಲಿ ರಾಯಭಾರ ಕಚೇರಿಯು ಸಚಿವಾಲಯಕ್ಕೆ ತನ್ನ ಅತ್ಯುನ್ನತ ಗೌರವದ ಭರವಸೆಯನ್ನು ಮತ್ತೊಮ್ಮೆ ಸಲ್ಲಿಸುತ್ತದೆ."

ಸಿಬ್ಬಂದಿಯ ಆಗಮನ, ನಿರ್ಗಮನ ತಿಳಿಸಲೇಬೇಕೆಂದು 1961ರ ವಿಯೆನ್ನಾ ರಾಜತಾಂತ್ರಿಕ ಒಪ್ಪಂದದ 10ನೇ ವಿಧಿ ಹೇಳುತ್ತದೆ. ಅದನ್ನು ತಿಳಿಸುವ ಕಾಗದ ಇಂಥದ್ದೇ.

ಇನ್ನೊಂದು ಬಗೆ ಉತ್ತಮ ಪುರುಷದ ಟಿಪ್ಪಣಿ. ರಾಯಭಾರಿ ವಿದೇಶಾಂಗ ಸಚಿವರಿಗೆ "ನಾನು" ಎಂದು ಬರೆದು ಪೂರ್ತಿ ಸಹಿ ಹಾಕುತ್ತಾರೆ. ನಮ್ಮ ಸರ್ಕಾರಿ ಕಚೇರಿಗಳಲ್ಲಿ ಅರೆ ಸರ್ಕಾರಿ ಪತ್ರಕ್ಕೆ ಇರುವ ತೂಕ ಇದಕ್ಕಿದೆ: ವಿಷಯ ದೊಡ್ಡದು, ಹೆಸರು ಹಿಡಿದು ಬರೆದಿದ್ದೇವೆ, ನೀವೇ ನೋಡಿ ಎಂದು ಅರ್ಥ. ಅಮೆರಿಕದ ರೂಢಿಯಲ್ಲಿ ಇದರ ಕೊನೆಯ ಸಾಲಿಗೂ ಅಳತೆ ಉಂಟು. ರಾಯಭಾರಿಗೆ "ಅತ್ಯುನ್ನತ ಗೌರವ", ಹಂಗಾಮಿ ಪ್ರತಿನಿಧಿಗೆ "ಉನ್ನತ ಗೌರವ". ಮೊದಲ ಸಲ ಬರೆಯುವಾಗ "ಮತ್ತೊಮ್ಮೆ" ಎಂಬುದು ಬರಬಾರದು, ಹಿಂದೆ ಸಲ್ಲಿಸದೇ ಇದ್ದದ್ದನ್ನು ಮತ್ತೊಮ್ಮೆ ಸಲ್ಲಿಸಲಾಗದು.

ಡೆಸ್ಕ್_ರಾತ್ರಿಪಾಳಿ

ಉಪಯುಕ್ತ ಮಾಹಿತಿ ಸರ್. ಇಂಥ ಟಿಪ್ಪಣಿಗಳಲ್ಲಿ ಸಾಮಾನ್ಯವಾಗಿ ಎಲ್ಲಿ ಎಡವುತ್ತಾರೆ?

ದಫ್ತರ

ಮೊದಲನೆಯದು ಪುರುಷ ಬೆರೆಯುವುದು. ಶುರು "ಕಚೇರಿಯು ಸಲ್ಲಿಸುತ್ತದೆ" ಎಂದಿದ್ದು ನಡುವೆ "ನಮ್ಮ ಕೋರಿಕೆ" ಎಂದು ಬಂದರೆ ಅದು ಸಾಂಸ್ಥಿಕ ಮಾತೋ ಬರೆದವರ ಮಾತೋ ಎಂಬ ಗೊಂದಲ.

ಎರಡನೆಯದು ವಿಳಾಸ. ಕೃಷಿ ಸಚಿವಾಲಯದ ಕೆಲಸ ಎಂದು ರಾಯಭಾರ ಕಚೇರಿ ನೇರವಾಗಿ ಕೃಷಿ ಸಚಿವಾಲಯಕ್ಕೆ ಬರೆಯುವ ಹಾಗಿಲ್ಲ. ವಿದೇಶಾಂಗ ಸಚಿವಾಲಯದೊಂದಿಗೆ ಅಥವಾ ಅದರ ಮೂಲಕ, ಇಲ್ಲವೇ ಮೊದಲೇ ಒಪ್ಪಿಕೊಂಡ ಬೇರೆ ಸಚಿವಾಲಯದ ಮೂಲಕ ಎಂದು ಅದೇ 1961ರ ಒಪ್ಪಂದದ 41ನೇ ವಿಧಿಯ ಎರಡನೇ ಖಂಡಿಕೆ ಗೆರೆ ಎಳೆದಿದೆ. ತಪ್ಪು ಬಾಗಿಲಿಗೆ ಹೋದ ಟಿಪ್ಪಣಿಗೆ ಉತ್ತರ ಬರುವುದಿಲ್ಲ, ಜ್ಞಾಪನ ಬರೆದರೂ ಬರುವುದಿಲ್ಲ.

ಮೂರನೆಯದು ಹೆಸರು. ಎದುರಿನ ದೇಶದ ಅಧಿಕೃತ ಪೂರ್ಣ ಹೆಸರು ಮೊದಲ ಸಾಲಿನಲ್ಲಿ ಸರಿಯಾಗಿರಬೇಕು. ವಿವಾದದ ಜಾಗಕ್ಕೆ ಅವರು ಇಟ್ಟ ಹೆಸರನ್ನು ಉದ್ಧರಣ ಚಿಹ್ನೆಯಿಲ್ಲದೆ ಎತ್ತಿಕೊಂಡರೆ ಅರ್ಧ ಒಪ್ಪಿಕೊಂಡಂತೆ. ಮಾನ್ಯತೆ ಕೊಡದ ಆಡಳಿತಕ್ಕೆ "ವಿದೇಶಾಂಗ ಸಚಿವಾಲಯಕ್ಕೆ ವಂದನೆಗಳು" ಎಂದು ಬರೆಯುವುದು ಇನ್ನೂ ಅಪಾಯ, ಮಾನ್ಯತೆಯ ಪ್ರಶ್ನೆಯೇ ಎದ್ದೇಳುತ್ತದೆ.

ನಾಲ್ಕನೆಯದು ಮಟ್ಟ. ಬಂದ ರೂಪದಲ್ಲೇ ಉತ್ತರ ಹೋಗುವುದು ವಾಡಿಕೆ. ಸಹಿ ಇಲ್ಲದ ಏಡ್-ಮೆಮ್ವಾರ್‌ಗೆ, ಅಂದರೆ ಆಡಿದ ಮಾತಿನ ಸಾರಾಂಶದ ಕಾಗದಕ್ಕೆ, ಸಹಿ ಹಾಕಿದ ಪತ್ರದಲ್ಲಿ ಉತ್ತರಿಸಿದರೆ ಜಗಳವನ್ನು ಒಂದು ಮೆಟ್ಟಿಲು ಮೇಲೆ ಹತ್ತಿಸಿದ ಹಾಗೆ. ಬೇಕೆಂದೇ ಹತ್ತಿಸುವುದಾದರೆ ಸರಿ, ಗೊತ್ತಿಲ್ಲದೆ ಹತ್ತಿಸಬಾರದು.

ಅಡಕಗಳನ್ನೂ ಹಗುರವಾಗಿ ಕಾಣಬೇಡಿ. ಟಿಪ್ಪಣಿಯ ಪಠ್ಯದಲ್ಲಿ ಉಲ್ಲೇಖ ಇಲ್ಲದ ನಕ್ಷೆ ಲಕೋಟೆಯಲ್ಲಿದ್ದರೆ ಅದು ಟಿಪ್ಪಣಿಯ ಭಾಗವೋ ಅಲ್ಲವೋ ಎಂದು ಮುಂದೆ ವಾದ ಹುಟ್ಟುತ್ತದೆ.

ಡೆಸ್ಕ್_ರಾತ್ರಿಪಾಳಿ

ಹಾಗಾದರೆ "ಡಿಮಾರ್ಶ್ ಹಸ್ತಾಂತರಿಸಿದರು" ಎಂದು ನಾವು ಬರೆಯುವುದು ತಪ್ಪಾ?

ದಫ್ತರ

ಪೂರ್ತಿ ತಪ್ಪಲ್ಲ, ಆದರೆ ಡಿಮಾರ್ಶ್ ಎಂಬುದು ಕಾಗದವಲ್ಲ, ಕ್ರಿಯೆ. ಒಂದು ಸರ್ಕಾರದ ನಿಲುವನ್ನು ಇನ್ನೊಂದು ಸರ್ಕಾರದ ಮುಂದೆ ವಿಧಿವತ್ತಾಗಿ ಇಡುವುದು. ರಾಯಭಾರಿಯೇ ಹೋಗಿ ಇಡಬಹುದು, ಕರೆಸಿಕೊಂಡೂ ಇಡಬಹುದು. ಪುಲ್ವಾಮಾ ದಾಳಿಯ ಮರುದಿನ, 2019ರ ಫೆಬ್ರವರಿ 15ರಂದು, ಭಾರತದ ವಿದೇಶಾಂಗ ಕಾರ್ಯದರ್ಶಿ ಪಾಕಿಸ್ತಾನದ ಹೈಕಮಿಷನರ್ ಅವರನ್ನು ಕರೆಸಿ ಮಾಡಿದ್ದು ಡಿಮಾರ್ಶ್. ಫೆಬ್ರವರಿ 27ರಂದು ಹಂಗಾಮಿ ಹೈಕಮಿಷನರ್ ಕೈಗೆ ಕೊಟ್ಟಿದ್ದು ದಾಖಲೆಗಳ ಕಡತ, ಅಂದರೆ ಡೋಸಿಯರ್. ಎರಡನ್ನೂ ಬೇರೆ ಬೇರೆಯಾಗಿ ಬರೆಯಬೇಕು.

ಡಿಮಾರ್ಶ್‌ಗೆ ಹೋಗುವವರ ಕೈಯಲ್ಲಿ ರಾಜಧಾನಿಯಿಂದ ಬಂದ ಸೂಚನೆ ಇರುತ್ತದೆ: ಉದ್ದೇಶ ಏನು, ಯಾವ ಮಟ್ಟದ ಅಧಿಕಾರಿಗೆ ಹೇಳಬೇಕು, ಯಾವ ಯಾವ ಅಂಶ, ಎದುರಿನವರು ಹೀಗಂದರೆ ಏನು ಉತ್ತರ, ಕೊನೆಗೆ ಕಾಗದ ಬಿಟ್ಟುಬರಬೇಕೋ ಬೇಡವೋ. ವಾಪಸ್ ಬಂದ ಕೂಡಲೇ ವರದಿ ಕಳಿಸಬೇಕು. ಆ ವರದಿಯಲ್ಲಿ ಎದುರಿನವರ ಮಾತನ್ನು ಅವರು ಆಡಿದ ಹಾಗೆಯೇ ಬರೆಯಬೇಕು. ತಾನು ಆಡಿದ್ದನ್ನು ಮಾತ್ರ ವಿವರವಾಗಿ ಬರೆದು ಕೇಳಿಸಿಕೊಂಡದ್ದನ್ನು ಒಂದು ಸಾಲಿಗೆ ಇಳಿಸಿದರೆ ಆ ವರದಿಯಿಂದ ರಾಜಧಾನಿಗೆ ಪ್ರಯೋಜನವಿಲ್ಲ.

ಬಿಟ್ಟುಬರುವ ಕಾಗದಗಳಲ್ಲಿ ಏಡ್-ಮೆಮ್ವಾರ್ ಮೊದಲನೆಯದು, ಆಡಿದ ಮಾತಿನ ಸಾರಾಂಶ. ವಂದನೆ ಇಲ್ಲ, ವಿಳಾಸ ಇಲ್ಲ, ಸಹಿ ಇಲ್ಲ; ದಿನಾಂಕ ಮಾತ್ರ ಸಾಮಾನ್ಯವಾಗಿ ಇರುತ್ತದೆ. "ನೀವು ಹಾಗೆ ಹೇಳಲೇ ಇಲ್ಲ" ಎನ್ನುವ ತಕರಾರು ನಾಳೆ ಬಾರದಿರಲಿ ಎಂದೇ ಅದು. ಬೂ-ದ-ಪಪಿಯೆ, ಅಂದರೆ ಕಾಗದದ ತುಂಡು, ಅದಕ್ಕಿಂತ ಹಗುರ. ನಾನ್-ಪೇಪರ್ ಅಂತೂ ಬಿಳಿ ಹಾಳೆ: ಶಿರೋನಾಮೆ, ದಿನಾಂಕ, ಮೊಹರು, ಯಾರದೆಂಬ ಗುರುತು ಏನೂ ಇಲ್ಲ. ಸಂಧಾನದಲ್ಲಿ "ಹೀಗೆ ಮಾಡಿದರೆ ಹೇಗೆ" ಎಂದು ತೇಲಿಬಿಡಲು ಬಳಸುತ್ತಾರೆ. ಎದುರಿನವರು ಒಪ್ಪದಿದ್ದರೆ ಅದು ಇರಲೇ ಇಲ್ಲ ಎಂಬಂತೆ ಇಬ್ಬರೂ ಮುಂದೆ ಸಾಗಬಹುದು. ಕಚೇರಿಯ ಮುದ್ರಿತ ಕಾಗದದಲ್ಲಿ ಅಚ್ಚು ಹಾಕಿ ಕೊಟ್ಟರೆ ಆ ಅನುಕೂಲವೇ ಹೋಯಿತು. ಕಂಪ್ಯೂಟರ್ ಕಡತವನ್ನೇ ಕಳಿಸಿದರೆ ಅದರೊಳಗೆ ಬರೆದವರ ಹೆಸರು ಉಳಿದಿರುತ್ತದೆ, ಅದನ್ನೂ ಅಳಿಸಬೇಕು.

ಅರ್ಧ ಮಾತು ರೂಪದಲ್ಲೇ ಇರುತ್ತದೆ. ಎಷ್ಟರ ಮಟ್ಟಿಗೆ ಬದ್ಧರಾಗಲು ಸಿದ್ಧ ಎಂಬುದಕ್ಕೆ ತಕ್ಕ ರೂಪವನ್ನು ಆರಿಸುವುದೇ ಈ ಕೆಲಸದ ಹೃದಯ.

ವಿಯೆನ್ನಾ_61

ದಫ್ತರ ಅವರೇ, ಕೊನೆಯ ಮಾತಿಗೆ ನನ್ನ ಬಲವಾದ ತಕರಾರಿದೆ. ರೂಪ ಹಗುರವಾಗಿದ್ದರೆ ಬದ್ಧತೆಯೂ ಹಗುರ ಎಂದು ಓದುಗರು ತಿಳಿದರೆ ಅನರ್ಥವಾಗುತ್ತದೆ. ಅಂತರರಾಷ್ಟ್ರೀಯ ನ್ಯಾಯಾಲಯಗಳು ಕಾಗದದ ಮೇಲ್ಗಡೆಯ ಶೀರ್ಷಿಕೆ ನೋಡಿ ತೀರ್ಪು ಕೊಟ್ಟಿಲ್ಲ.

1919ರ ಜುಲೈ 22ರಂದು ನಾರ್ವೆಯ ವಿದೇಶಾಂಗ ಸಚಿವ ಇಹ್ಲೆನ್ ಡೆನ್ಮಾರ್ಕ್‌ನ ಪ್ರತಿನಿಧಿಗೆ, ಗ್ರೀನ್‌ಲ್ಯಾಂಡ್ ವಿಷಯ ಇತ್ಯರ್ಥವಾಗಲು ನಾರ್ವೆ ತೊಡಕು ಮಾಡುವುದಿಲ್ಲ ಎಂಬರ್ಥದಲ್ಲಿ ಬಾಯಿಮಾತಲ್ಲೇ ಹೇಳಿದರು. ಟಿಪ್ಪಣಿ ಇಲ್ಲ, ಒಪ್ಪಂದ ಇಲ್ಲ. 1933ರಲ್ಲಿ ಹೇಗ್‌ನ ಕಾಯಂ ನ್ಯಾಯಾಲಯ ಆ ಮಾತಿಗೆ ನಾರ್ವೆ ಬದ್ಧ ಎಂದಿತು. ಮಾತಿಗೇ ಈ ಗತಿ ಆದರೆ ಬರಹದ ಕಥೆ ಏನು?

ಪೆದ್ರಾ ಬ್ರಾಂಕಾ ನೋಡಿ. ಸಿಂಗಾಪುರ ಜಲಸಂಧಿಯ ಪೂರ್ವದ ಬಾಯಲ್ಲಿರುವ ಪುಟ್ಟ ಬಂಡೆದ್ವೀಪ, ಮೇಲೊಂದು ದೀಪಸ್ತಂಭ. ಪ್ರಾದೇಶಿಕ ಜಲ ಎಲ್ಲಿಯವರೆಗೆ ಎಂದು ಲೆಕ್ಕ ಹಾಕಬೇಕಾಗಿದ್ದ ಸಿಂಗಾಪುರದ ವಸಾಹತು ಕಾರ್ಯದರ್ಶಿ 1953ರ ಜೂನ್ 12ರಂದು ಜೋಹೋರ್‌ನ ಬ್ರಿಟಿಷ್ ಸಲಹೆಗಾರರಿಗೆ ಪತ್ರ ಬರೆದು ಬಂಡೆಯ ಸ್ಥಿತಿಗತಿ ವಿಚಾರಿಸಿದರು. ಸೆಪ್ಟೆಂಬರ್ 21ರಂದು ಜೋಹೋರ್‌ನ ಹಂಗಾಮಿ ರಾಜ್ಯ ಕಾರ್ಯದರ್ಶಿಯ ಉತ್ತರ ಬಂತು: ಪೆದ್ರಾ ಬ್ರಾಂಕಾದ ಒಡೆತನವನ್ನು ಜೋಹೋರ್ ಸರ್ಕಾರ ಕೇಳುವುದಿಲ್ಲ. ಇಷ್ಟೇ. ಯಾರೋ ಕಡತ ನೋಡಿ ಮುಗಿಸಿದ ಮಾಮೂಲಿ ಉತ್ತರದ ಹಾಗಿದೆ. 2008ರ ಮೇ 23ರಂದು ಅಂತರರಾಷ್ಟ್ರೀಯ ನ್ಯಾಯಾಲಯ ಆ ಪತ್ರವನ್ನೂ ನಂತರದ ದಶಕಗಳ ನಡವಳಿಕೆಯನ್ನೂ ಒಟ್ಟಿಗಿಟ್ಟು, 12ಕ್ಕೆ 4 ಮತಗಳಿಂದ, ದ್ವೀಪ ಸಿಂಗಾಪುರದ್ದು ಎಂದಿತು. ಬರೆದವರಿಗೆ ಹಾಗೆ ಬರೆಯುವ ಅಧಿಕಾರ ಇರಲಿಲ್ಲ ಎಂದು ಮಲೇಷ್ಯಾ ವಾದಿಸಿತು, "ಒಡೆತನ" ಬೇರೆ "ಸಾರ್ವಭೌಮತ್ವ" ಬೇರೆ ಎಂದೂ ವಾದಿಸಿತು. ಎರಡೂ ನಿಲ್ಲಲಿಲ್ಲ.

ಅದೇ ಪ್ರಕರಣದಲ್ಲಿ ಇನ್ನೊಂದು ಕಾಗದದ ಕೆಲಸ ನೋಡಿ. 1979ರ ಡಿಸೆಂಬರ್‌ನಲ್ಲಿ ಮಲೇಷ್ಯಾ ತನ್ನ ನಕ್ಷೆಯಲ್ಲಿ ಬಂಡೆಯನ್ನು ತನ್ನೊಳಗೆ ತೋರಿಸಿತು. ಸಿಂಗಾಪುರ 1980ರ ಫೆಬ್ರವರಿ 14ರಂದು ಪ್ರತಿಭಟನಾ ಟಿಪ್ಪಣಿ ಕಳಿಸಿತು. ವಿವಾದ ಗಟ್ಟಿಯಾದ ದಿನ ಅದೇ ಎಂದು ನ್ಯಾಯಾಲಯ ಹಿಡಿಯಿತು. ಆಮೇಲೆ ಯಾರು ಏನು ಮಾಡಿ ಹಕ್ಕು ಬಲಪಡಿಸಲು ನೋಡಿದರೂ ಲೆಕ್ಕಕ್ಕೆ ಬರಲಿಲ್ಲ. ಎರಡು ತಿಂಗಳೊಳಗೆ ಹೋದ ಒಂದು ಟಿಪ್ಪಣಿಗೆ ಇಷ್ಟು ಬೆಲೆ.

ಸುಮ್ಮನಿದ್ದರೂ ಬೆಲೆ ತೆರಬೇಕು. ಪ್ರೇಹ್ ವಿಹಾರ್ ದೇವಾಲಯವನ್ನು ಕಾಂಬೋಡಿಯಾದ ಕಡೆ ತೋರಿಸಿದ ನಕ್ಷೆ 1908ರಲ್ಲೇ ಸಯಾಮಿಗೆ ತಲುಪಿತ್ತು. ಸಕಾಲದಲ್ಲಿ ಆಕ್ಷೇಪಿಸಲಿಲ್ಲ. 1962ರಲ್ಲಿ ಥಾಯ್ಲೆಂಡ್ ದೇವಾಲಯವನ್ನು ಕಳೆದುಕೊಂಡಿತು.

ದಫ್ತರ

ಒಪ್ಪುತ್ತೇನೆ, ನನ್ನ ಮಾತನ್ನು ತಿದ್ದಿ ಹೇಳುತ್ತೇನೆ. ಕಾಗದವನ್ನು ಪಡೆಯುವವರು ಅದೇ ದಿನ ಓದುವುದು ರೂಪವನ್ನು. ಐವತ್ತು ವರ್ಷದ ನಂತರ ನ್ಯಾಯಾಧೀಶರು ಓದುವುದು ವಾಕ್ಯಗಳನ್ನು. ಒಕ್ಕಣೆ ತಯಾರಿಸುವವರು ಇಬ್ಬರನ್ನೂ ಕಣ್ಣ ಮುಂದಿಟ್ಟುಕೊಳ್ಳಬೇಕು. ಅದಕ್ಕೇ ಅನುಭವಿಗಳು ಉತ್ತರದ ಕೊನೆಗೆ ಒಂದು ಕಾಯ್ದಿರಿಸುವ ವಾಕ್ಯ ಸೇರಿಸುತ್ತಾರೆ: ಇಲ್ಲಿ ಉತ್ತರಿಸದೆ ಬಿಟ್ಟ ಅಂಶಗಳನ್ನು ಸರ್ಕಾರ ಒಪ್ಪಿದೆ ಎಂದು ತಿಳಿಯತಕ್ಕದ್ದಲ್ಲ, ಸರ್ಕಾರ ತನ್ನ ಹಕ್ಕುಗಳನ್ನೆಲ್ಲ ಕಾಯ್ದಿರಿಸಿಕೊಂಡಿದೆ.

ಹಳೇ_ಕಡತ

ಇದನ್ನೆಲ್ಲ ಒಂದೇ ಕಡೆ ನೋಡಬೇಕೆಂದರೆ ಭಾರತ ಸರ್ಕಾರ 1959ರಿಂದ ಪ್ರಕಟಿಸಿದ ಶ್ವೇತಪತ್ರಗಳಿವೆ. ಭಾರತ ಮತ್ತು ಚೀನಾ ನಡುವಿನ ಟಿಪ್ಪಣಿ, ಜ್ಞಾಪನಾ ಪತ್ರ, ಪತ್ರಗಳು ಕಾಲಾನುಕ್ರಮದಲ್ಲಿವೆ. ಮೇಲೆ "ಯಾರು, ಎಲ್ಲಿ, ಯಾರ ಕೈಗೆ ಕೊಟ್ಟರು" ಎಂಬ ಶೀರ್ಷಿಕೆ. ಹೆಚ್ಚಿನವರು ಅದನ್ನು ಹಾರಿಸಿ ಪಠ್ಯಕ್ಕೆ ಹೋಗುತ್ತಾರೆ. ಶೀರ್ಷಿಕೆಯನ್ನೇ ಮೊದಲು ಓದಿ.

ಪಂಚಶೀಲದ ಒಪ್ಪಂದ ಆದದ್ದು 1954ರ ಏಪ್ರಿಲ್ 29ರಂದು. ಮೂರು ತಿಂಗಳೂ ತುಂಬುವ ಮೊದಲೇ, ಜುಲೈ 17ರಂದು, ದೆಹಲಿಯ ಚೀನೀ ರಾಯಭಾರ ಕಚೇರಿಯ ಕೌನ್ಸೆಲರ್ ವಿದೇಶಾಂಗ ಸಚಿವಾಲಯಕ್ಕೆ ಟಿಪ್ಪಣಿ ಕೊಟ್ಟರು: ಭಾರತೀಯ ಸೈನಿಕರು ನೀತಿ ಕಣಿವೆ ದಾಟಿ "ವೂ-ಜೆ"ಗೆ ಬಂದಿದ್ದಾರೆ. ಭಾರತದ ಉತ್ತರ ಆಗಸ್ಟ್ 27ರದ್ದು. ಪೀಕಿಂಗ್‌ನಲ್ಲಿ (ಈಗಿನ ಬೀಜಿಂಗ್) ಪ್ರಥಮ ಕಾರ್ಯದರ್ಶಿ ಕೊಟ್ಟ ನೋಟ್ ವರ್ಬಾಲ್. ಅದರಲ್ಲಿ ಇರುವುದು "ಹೋತಿ ಬಯಲು", ಅದು ಭಾರತದ ನೆಲ ಎಂಬ ಮಾತು. ದಫ್ತರ ಅವರು ಹೆಸರಿನ ಬಗ್ಗೆ ಹೇಳಿದ್ದಕ್ಕೆ ಇದೇ ಸಾಕ್ಷಿ. ಒಬ್ಬರು ಒಂದು ಹೆಸರು, ಇನ್ನೊಬ್ಬರು ಇನ್ನೊಂದು. ಬಾರಾಹೋತಿ ವಿವಾದ ಕಾಗದದ ಮೇಲೆ ಶುರುವಾದದ್ದು ಹೀಗೆ. ಮಟ್ಟವನ್ನೂ ಗಮನಿಸಿ: ಎರಡೂ ಕಡೆ ಕೆಳಹಂತದ ಅಧಿಕಾರಿಗಳು. ದೊಡ್ಡದು ಮಾಡುವ ಮನಸ್ಸು ಆಗ ಇಬ್ಬರಿಗೂ ಇರಲಿಲ್ಲ.

ನನಗೆ ಅತಿ ಮುಖ್ಯ ಅನಿಸುವುದು 1958ರ ಅಕ್ಟೋಬರ್ 18ರದ್ದು. ಅಕ್ಸಾಯ್ ಚಿನ್ ಮೂಲಕ ಚೀನಾ ರಸ್ತೆ ಮಾಡಿದ್ದು ಖಚಿತವಾದ ಮೇಲೆ ವಿದೇಶಾಂಗ ಕಾರ್ಯದರ್ಶಿ ಚೀನೀ ರಾಯಭಾರಿಗೆ ಕೊಟ್ಟದ್ದು "ಅನೌಪಚಾರಿಕ ಟಿಪ್ಪಣಿ". ಒಳಗಿನ ಮಾತು ಚಿಕ್ಕದಲ್ಲ: ನಿರ್ವಿವಾದವಾಗಿ ಭಾರತಕ್ಕೆ ಸೇರಿದ ನೆಲದಲ್ಲಿ ಅನುಮತಿ ಪಡೆಯದೆ, ತಿಳಿಸದೆ ರಸ್ತೆ ಮಾಡಿದ್ದೀರಿ, ಅದು ಅಚ್ಚರಿ ಮತ್ತು ವಿಷಾದದ ಸಂಗತಿ. ಅದೇ ಟಿಪ್ಪಣಿಯಲ್ಲಿ ಕಾಣೆಯಾದ ಭಾರತೀಯ ಗಸ್ತು ತಂಡದ ಬಗ್ಗೆ ವಿಚಾರಣೆ. ಇಷ್ಟು ಗಟ್ಟಿಯಾದ ವಿಷಯಕ್ಕೆ ಅಷ್ಟು ಮೃದುವಾದ ಪಾತ್ರೆ. ಸಂಬಂಧ ಕೆಡದಂತೆ ಸರಿಪಡಿಸಿಕೊಳ್ಳಲು ಜಾಗ ಬಿಡುವುದು ಉದ್ದೇಶವಾಗಿದ್ದಿರಬಹುದು. ನನ್ನ ಅಭಿಪ್ರಾಯದಲ್ಲಿ ಸಂದೇಶದ ಬಲವನ್ನು ಅದು ಕುಗ್ಗಿಸಿತು. ನವೆಂಬರ್ 3ರ ಚೀನೀ ಉತ್ತರ, ತಂಡವನ್ನು ಹಿಡಿದು ಕಾರಕೋರಂ ಕಣಿವೆಯ ಮೂಲಕ ಹೊರಗೆ ಕಳಿಸಿದ್ದೇವೆ ಎಂದಿತು. ಅಂದರೆ ಅದು ಚೀನಾದ ನೆಲ ಎಂದೇ ಉತ್ತರ.

ಅಲ್ಲಿಂದ ಮುಂದೆ ಪ್ರಧಾನಿಗಳ ಪತ್ರಗಳು. ನೆಹರೂ 1958ರ ಡಿಸೆಂಬರ್ 14ರಂದು ಬರೆದರು, ಚೌ ಎನ್‌ಲಾಯ್ 1959ರ ಜನವರಿ 23ರಂದು ಉತ್ತರಿಸಿದರು. ಕೌನ್ಸೆಲರ್ ಮಟ್ಟದಿಂದ ಪ್ರಧಾನಿ ಮಟ್ಟಕ್ಕೆ ನಾಲ್ಕೂವರೆ ವರ್ಷ.

ವಂದನೆಯ ಸಾಲಿನ ಬಗ್ಗೆ ಒಂದು ಮಾತು. 1962ರ ಅಕ್ಟೋಬರ್‌ನಲ್ಲೂ ಟಿಪ್ಪಣಿಗಳು "ವಂದನೆಗಳನ್ನು ಸಲ್ಲಿಸುತ್ತದೆ" ಎಂದೇ ಶುರುವಾಗುತ್ತವೆ. ಆ ಸಾಲನ್ನು ಸ್ನೇಹದ ಗುರುತೆಂದು ಓದಬೇಡಿ. ಸಿಟ್ಟನ್ನು ಅಳೆಯಬೇಕಾದ್ದು ಕ್ರಿಯಾಪದದಲ್ಲಿ. "ಗಮನಿಸಿದೆ", "ಕಳವಳ", "ವಿಷಾದ", "ಪ್ರತಿಭಟಿಸುತ್ತದೆ", "ಬಲವಾಗಿ ಪ್ರತಿಭಟಿಸುತ್ತದೆ" ಎಂದು ಮೇಲೇರುತ್ತದೆ. "ಸ್ನೇಹವಿರುದ್ಧ ಕೃತ್ಯ", "ಪರಿಣಾಮಗಳಿಗೆ ನೀವೇ ಹೊಣೆ" ಎಂಬ ಮಾತು ಬಂದರೆ ಮೇಲಿನ ತುದಿ ಮುಟ್ಟಿದಂತೆ.

ಡೆಸ್ಕ್_ರಾತ್ರಿಪಾಳಿ

ಅದಕ್ಕೂ ಮೇಲೆ ಗಡುವಿನ ಎಚ್ಚರಿಕೆ ಅಲ್ಲವೇ? ಅಲ್ಟಿಮೇಟಂ?

ಹಳೇ_ಕಡತ

ಹೌದು. ಅದರಲ್ಲಿ ಮೂರು ಇರಬೇಕು: ಬೇಡಿಕೆ, ಗಡುವು, ಒಪ್ಪದಿದ್ದರೆ ಏನು ಎಂಬುದು. ಮೂರನೆಯದನ್ನು ಎಷ್ಟು ಬಿಚ್ಚಿ ಹೇಳಬೇಕು ಎಂಬಲ್ಲಿ ಆಟ. ಆಸ್ಟ್ರಿಯಾ-ಹಂಗೇರಿ 1914ರ ಜುಲೈ 23ರ ಸಂಜೆ ಆರಕ್ಕೆ ಸರ್ಬಿಯಾಕ್ಕೆ ಕೊಟ್ಟ ಟಿಪ್ಪಣಿಗೆ 48 ಗಂಟೆಯ ಗಡುವು ಇತ್ತು. ಲಂಡನ್‌ನಲ್ಲಿ ಅವರ ರಾಯಭಾರಿ ಮಾತ್ರ, ಇದು ಅಲ್ಟಿಮೇಟಂ ಅಲ್ಲ, ಗಡುವಿರುವ ಡಿಮಾರ್ಶ್ ಎಂದು ವಿವರಣೆ ಕೊಟ್ಟರು. ಒಪ್ಪದಿದ್ದರೆ ಸಂಬಂಧ ಕಡಿಯುತ್ತೇವೆ, ಯುದ್ಧ ಅಂದಿಲ್ಲ ಎಂಬ ವಾದ. 25ರ ಸಂಜೆ ಆರಕ್ಕೆ ಸ್ವಲ್ಪ ಮುಂಚೆ ಸರ್ಬಿಯಾದ ಉತ್ತರ ಬಂತು. ಆಸ್ಟ್ರಿಯಾದ ಪ್ರತಿನಿಧಿ ಆರೂವರೆಯ ರೈಲಿಗೆ ಬೆಲ್‌ಗ್ರೇಡ್ ಬಿಟ್ಟರು. ಉತ್ತರ ಓದುವ ಮೊದಲೇ ಗಂಟುಮೂಟೆ ಕಟ್ಟಿಯಾಗಿತ್ತು.

ನಮ್ಮದೇ ಉದಾಹರಣೆ 1965ರ ಸೆಪ್ಟೆಂಬರ್ 16ರ ಚೀನೀ ಟಿಪ್ಪಣಿ. ಪಾಕಿಸ್ತಾನದೊಂದಿಗೆ ಯುದ್ಧ ನಡೆಯುತ್ತಿದ್ದಾಗ, ಸಿಕ್ಕಿಂ ಗಡಿಯಲ್ಲಿ ಭಾರತ ಕಟ್ಟಿದೆ ಎನ್ನಲಾದ 56 ಸೇನಾ ರಚನೆಗಳನ್ನು ಮೂರು ದಿನದೊಳಗೆ ಕೆಡವಬೇಕು, 800 ಕುರಿ, 59 ಯಾಕ್‌ಗಳನ್ನು ಹಿಂದಿರುಗಿಸಬೇಕು ಎಂಬ ಬೇಡಿಕೆ. ಭಾರತ ಆರೋಪ ಒಪ್ಪಲಿಲ್ಲ, ಜಂಟಿ ತಪಾಸಣೆಗೆ ಅಭ್ಯಂತರವಿಲ್ಲ ಎಂದಿತು. ಚೀನಾ ಗಡುವನ್ನು 22ರ ಮಧ್ಯರಾತ್ರಿಗೆ ಮುಂದೂಡಿತು. ಗಡುವನ್ನು ಒಮ್ಮೆ ಮುಂದೂಡಿದರೆ ಮೊದಲಿನ ತೂಕ ಉಳಿಯುವುದಿಲ್ಲ.

ಸಮಯದ ಲೆಕ್ಕ ತಪ್ಪಿದ್ದಕ್ಕೆ ಪರ್ಲ್ ಹಾರ್ಬರ್‌ಗಿಂತ ಕೆಟ್ಟ ಉದಾಹರಣೆ ಇಲ್ಲ. ಯುದ್ಧ ಶುರುವಾಗುವ ಮುನ್ನ ಸ್ಪಷ್ಟ ಎಚ್ಚರಿಕೆ ಕೊಡಬೇಕೆಂದು 1907ರ ಹೇಗ್ ಒಪ್ಪಂದ ಹೇಳುತ್ತದೆ. ಜಪಾನ್ ತನ್ನ 14 ಭಾಗಗಳ ಟಿಪ್ಪಣಿಯನ್ನು 1941ರ ಡಿಸೆಂಬರ್ 7ರಂದು ವಾಷಿಂಗ್ಟನ್ ಸಮಯ ಮಧ್ಯಾಹ್ನ ಒಂದಕ್ಕೆ ಕೊಡಲು ಸೂಚಿಸಿತ್ತು. ಗುಟ್ಟು ಬಯಲಾಗದಿರಲಿ ಎಂದು ಮಾಮೂಲಿ ಬೆರಳಚ್ಚುಗಾರರನ್ನು ಬಳಸಬಾರದೆಂಬ ಅಪ್ಪಣೆ. ಬೆರಳಚ್ಚಿನಲ್ಲಿ ಪಳಗದ ಅಧಿಕಾರಿ ಕೂತು ಹೊಡೆದರು. ಟಿಪ್ಪಣಿ ಕೈಸೇರಿದ್ದು ಸುಮಾರು 2.20ಕ್ಕೆ. ದಾಳಿ ಶುರುವಾಗಿದ್ದು ವಾಷಿಂಗ್ಟನ್ ಸಮಯ 1.25ರ ಸುಮಾರಿಗೆ. ಹೊತ್ತಿಗೆ ಸರಿಯಾಗಿ ಕೊಟ್ಟಿದ್ದರೂ ಪ್ರಯೋಜನವಿರಲಿಲ್ಲ; ಅದರಲ್ಲಿ ಮಾತುಕತೆ ಮುಗಿಯಿತು ಎಂದಿತ್ತೇ ಹೊರತು ಯುದ್ಧದ ಮಾತೇ ಇರಲಿಲ್ಲ.

ಕರಾವಳಿ_ನೋಟ

ವಿಶ್ವಸಂಸ್ಥೆಗೆ ಹೋಗುವ ಟಿಪ್ಪಣಿಗಳನ್ನೂ ಸೇರಿಸಿ. ಅಲ್ಲಿ ಓದುಗ ಒಬ್ಬರಲ್ಲ, ಎಲ್ಲ ಸದಸ್ಯರು. 2009ರ ಮೇ 6ರಂದು ಮಲೇಷ್ಯಾ ಮತ್ತು ವಿಯೆಟ್ನಾಂ ದಕ್ಷಿಣ ಚೀನಾ ಸಮುದ್ರದ ಭೂಖಂಡದಂಚಿನ ಬಗ್ಗೆ ಜಂಟಿ ಮನವಿ ಸಲ್ಲಿಸಿದವು. ಮರುದಿನವೇ ಚೀನಾದ ನೋಟ್ ವರ್ಬಾಲ್, ಸಂಖ್ಯೆ ಸಿಎಂಎಲ್/17/2009, ಮಹಾಕಾರ್ಯದರ್ಶಿಗೆ ತಲುಪಿತು. ಪಠ್ಯ ಒಂದು ಪುಟದ್ದು. ದ್ವೀಪಗಳ ಮೇಲೂ ಸುತ್ತಲಿನ ನೀರಿನ ಮೇಲೂ ತನ್ನ ಸಾರ್ವಭೌಮತ್ವ ನಿರ್ವಿವಾದ ಎಂದು ಹೇಳಿ, ಆವರಣದೊಳಗೆ "ಲಗತ್ತಿಸಿದ ನಕ್ಷೆ ನೋಡಿ" ಎಂದಿತ್ತು. ಆ ನಕ್ಷೆಯಲ್ಲಿ ಒಂಬತ್ತು ಗೀಟುಗಳು. ಗೀಟು ಎಂದರೇನು, ಅದರೊಳಗಿನ ನೀರೆಲ್ಲ ನಮ್ಮದು ಎಂದೋ ದ್ವೀಪಗಳು ಮಾತ್ರ ಎಂದೋ, ವಿವರಣೆ ಇಲ್ಲ.

ಉಳಿದ ದೇಶಗಳು ಆಮೇಲೆ ಮಾಡಿದ್ದು ಪಾಠದಂತಿದೆ. ವಿಯೆಟ್ನಾಂ ಮರುದಿನವೇ ಆಕ್ಷೇಪಿಸಿತು. ದ್ವೀಪಗಳ ಮೇಲೆ ಯಾವ ಹಕ್ಕೂ ಕೇಳದ ಇಂಡೊನೇಷ್ಯಾ ಕೂಡ 2010ರ ಜುಲೈ 8ರಂದು, ಗೀಟುಗಳಿಗೆ ಕಾನೂನಿನ ಆಧಾರ ಕಾಣುವುದಿಲ್ಲ ಎಂದು ಬರೆದಿಟ್ಟಿತು. 2011ರ ಏಪ್ರಿಲ್‌ನಲ್ಲಿ ಫಿಲಿಪ್ಪೀನ್ಸ್. ಮುಂದೆ ಒಂದು ದಿನ "ಆವತ್ತು ಯಾರೂ ತಕರಾರು ಮಾಡಲಿಲ್ಲ" ಎಂಬ ವಾದಕ್ಕೆ ಆಸ್ಪದ ಇರಬಾರದು, ಅಷ್ಟೇ. ಫಿಲಿಪ್ಪೀನ್ಸ್-ಚೀನಾ ವಿವಾದದ 2016ರ ಜುಲೈ 12ರ ಮಧ್ಯಸ್ಥಿಕೆ ತೀರ್ಪಿನಲ್ಲಿ ಈ ಟಿಪ್ಪಣಿಗಳೂ ಚರ್ಚೆಗೆ ಬಂದವು.

ಪ್ರಾಯೋಗಿಕ ವಿಚಾರ ಒಂದು: ಭದ್ರತಾ ಮಂಡಳಿಗೆ ಬರೆಯುವಾಗ "ಈ ಪತ್ರವನ್ನು ಮಂಡಳಿಯ ದಾಖಲೆಯಾಗಿ ಹಂಚಬೇಕೆಂದು ಕೋರುತ್ತೇನೆ" ಎಂಬ ಸಾಲು ಮರೆಯಬಾರದು. ಕೋರಿಕೆಯೇ ಇಲ್ಲದಿದ್ದರೆ ಅದು ಎಲ್ಲರಿಗೂ ಹಂಚುವ ದಾಖಲೆಯಾಗುತ್ತದೆ ಎಂದು ನಂಬಿ ಕೂರುವಂತಿಲ್ಲ. ಕಾಶ್ಮೀರದ ವಿಷಯ ವಿಶ್ವಸಂಸ್ಥೆಯ ಮುಂದೆ ಹೋದದ್ದು ಪತ್ರದಿಂದಲೇ: 1948ರ ಜನವರಿ 1ರಂದು ಭಾರತದ ಪ್ರತಿನಿಧಿ ಮಂಡಳಿಯ ಅಧ್ಯಕ್ಷರಿಗೆ, ಸನ್ನದಿನ 35ನೇ ವಿಧಿಯಡಿ ಬರೆದದ್ದು, ದಾಖಲೆ ಸಂಖ್ಯೆ ಎಸ್/628. ಯಾವ ವಿಧಿಯಡಿ ಎಂಬ ಆಯ್ಕೆಯೇ ಮುಂದಿನ ದಾರಿಯನ್ನು ನಿರ್ಧರಿಸುತ್ತದೆ.

ಶರಾವತಿ_ಓದುಗ

ಪತ್ರ ವಿನಿಮಯವೇ ಒಪ್ಪಂದ ಆಗುತ್ತದೆ ಎಂದು ಎಲ್ಲೋ ಓದಿದೆ. ಹೇಗೆ?

ವಿಯೆನ್ನಾ_61

ಒಂದು ಕಡೆಯವರು ಪ್ರಸ್ತಾವವನ್ನು ಪತ್ರದಲ್ಲಿ ಬರೆದು, "ಇದಕ್ಕೆ ನಿಮ್ಮ ಸಮ್ಮತಿ ಇದ್ದರೆ ಈ ಪತ್ರವೂ ನಿಮ್ಮ ಉತ್ತರವೂ ಸೇರಿ ನಮ್ಮ ಸರ್ಕಾರಗಳ ನಡುವೆ ಒಪ್ಪಂದವಾಗತಕ್ಕದ್ದು" ಎಂದು ಮುಗಿಸುತ್ತಾರೆ. ಉತ್ತರಿಸುವವರು ಮೊದಲ ಪತ್ರದ ಪಠ್ಯವನ್ನು ಅಕ್ಷರಶಃ ಪೂರ್ತಿ ಎತ್ತಿ ಬರೆದು, ಸಮ್ಮತಿ ತಿಳಿಸುತ್ತಾರೆ. ಬೇರೆ ಏನೂ ಹೇಳಿಲ್ಲದಿದ್ದರೆ ಸಾಮಾನ್ಯವಾಗಿ ಉತ್ತರದ ದಿನಾಂಕದಿಂದ ಜಾರಿ. ಎತ್ತಿ ಬರೆಯುವಾಗ ಒಂದು ಪದ ಬದಲಾದರೂ ಅದು ಸಮ್ಮತಿಯಲ್ಲ, ಹೊಸ ಪ್ರಸ್ತಾವ. ಅದಕ್ಕೇ ಎರಡೂ ಕರಡನ್ನು ಮೊದಲೇ ಕೂತು ಅಕ್ಷರ ಅಕ್ಷರ ಹೊಂದಿಸಿಕೊಂಡಿರುತ್ತಾರೆ. ಆಮೇಲೆ ವಿಶ್ವಸಂಸ್ಥೆಯಲ್ಲಿ ನೋಂದಣಿ. ಸನ್ನದಿನ 102ನೇ ವಿಧಿಯ ಪ್ರಕಾರ ನೋಂದಾಯಿಸದ ಒಪ್ಪಂದವನ್ನು ವಿಶ್ವಸಂಸ್ಥೆಯ ಅಂಗಗಳ ಮುಂದೆ ಎತ್ತುವಂತಿಲ್ಲ.

ಭಾರತದ ಹಲವು ಗಟ್ಟಿ ವಿಷಯಗಳು ಪತ್ರಗಳಲ್ಲೇ ಅಡಗಿವೆ. ಯಾತುಂಗ್, ಗ್ಯಾಂಟ್ಸೆಯ ಸೇನಾ ಕಾವಲನ್ನು ಆರು ತಿಂಗಳಲ್ಲಿ ಹಿಂತೆಗೆಯುವುದು, ಟಿಬೆಟಿನ 12 ವಿಶ್ರಾಂತಿ ಗೃಹಗಳನ್ನು ಬಿಟ್ಟುಕೊಡುವುದು 1954ರ ಪಂಚಶೀಲ ಒಪ್ಪಂದದ ಪಠ್ಯದಲ್ಲಿಲ್ಲ, ಅದೇ ದಿನ ವಿನಿಮಯವಾದ ಟಿಪ್ಪಣಿಗಳಲ್ಲಿದೆ. ತ್ರಿಂಕೋಮಲಿ ಬಂದರನ್ನು ಭಾರತದ ಹಿತಕ್ಕೆ ವಿರುದ್ಧವಾಗಿ ಯಾವ ದೇಶದ ಸೇನಾ ಬಳಕೆಗೂ ಕೊಡಬಾರದೆಂಬುದು 1987ರ ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಜಯವರ್ಧನೆ ಬದಲಾಯಿಸಿಕೊಂಡ ಪತ್ರಗಳಲ್ಲಿದೆ.

ಕಚ್ಚತೀವು ವಿಷಯದಲ್ಲಂತೂ ಇದನ್ನು ತಪ್ಪದೆ ನೋಡಬೇಕು. ದ್ವೀಪ ಶ್ರೀಲಂಕಾದ ಕಡೆಗೆ ಹೋದ 1974ರ ಭಾರತ-ಶ್ರೀಲಂಕಾ ಒಪ್ಪಂದದ 5ನೇ ವಿಧಿ ಭಾರತೀಯ ಮೀನುಗಾರರು, ಯಾತ್ರಿಕರು ಹಿಂದಿನಂತೆ ದ್ವೀಪಕ್ಕೆ ಹೋಗಬಹುದು ಎನ್ನುತ್ತದೆ. ಆದರೆ 1976ರ ಮಾರ್ಚ್ 23ರಂದು ವಿದೇಶಾಂಗ ಕಾರ್ಯದರ್ಶಿ ಕೇವಲ್ ಸಿಂಗ್ ಮತ್ತು ಶ್ರೀಲಂಕಾದ ಕಾರ್ಯದರ್ಶಿ ಡಬ್ಲ್ಯೂ.ಟಿ. ಜಯಸಿಂಘೆ ನಡುವಿನ ಪತ್ರ ವಿನಿಮಯದಲ್ಲಿ, ಒಂದು ದೇಶದ ದೋಣಿ ಇನ್ನೊಂದರ ನೀರಿನಲ್ಲಿ ಸ್ಪಷ್ಟ ಅನುಮತಿಯಿಲ್ಲದೆ ಮೀನು ಹಿಡಿಯಬಾರದು ಎಂದಾಯಿತು. ರಾಮೇಶ್ವರದ ಮೀನುಗಾರರ ಬದುಕನ್ನು ಮುಟ್ಟಿದ ವಾಕ್ಯ ಇದ್ದದ್ದು ಸಂಧಿಯಲ್ಲಲ್ಲ, ಇಬ್ಬರು ಕಾರ್ಯದರ್ಶಿಗಳ ಪತ್ರದಲ್ಲಿ. 1974ರ ಪಠ್ಯವೊಂದನ್ನೇ ಹಿಡಿದು ವಾದಿಸುವವರನ್ನು ಕಂಡರೆ ಬೇಸರವಾಗುತ್ತದೆ, ಏಕೆಂದರೆ ಆ ಜನರಿಗೆ ಬೇಕಾದ ಪರಿಹಾರದ ಚರ್ಚೆ ಎರಡನೇ ಕಾಗದದಿಂದ ಶುರುವಾಗಬೇಕು.

ಕರಾವಳಿ_ನೋಟ

ಬೆಂಗಳೂರಿನ ಕಾನ್ಸುಲೇಟ್‌ಗಳು ಕರ್ನಾಟಕ ಸರ್ಕಾರಕ್ಕೆ ನೇರವಾಗಿ ಬರೆಯಬಹುದೇ? 41ನೇ ವಿಧಿ ಅಡ್ಡ ಬರುವುದಿಲ್ಲವೇ?

ದಫ್ತರ

ಅದು ರಾಯಭಾರ ಕಚೇರಿಗಳ ನಿಯಮ. ಕಾನ್ಸುಲೇಟ್‌ಗಳಿಗೆ 1963ರ ವಿಯೆನ್ನಾ ಕಾನ್ಸುಲರ್ ಒಪ್ಪಂದ ಬೇರೆ. ಅದರ 38ನೇ ವಿಧಿಯಂತೆ ತಮ್ಮ ವ್ಯಾಪ್ತಿಯ ಸ್ಥಳೀಯ ಅಧಿಕಾರಿಗಳಿಗೆ, ಅಂದರೆ ಪೊಲೀಸ್, ಜಿಲ್ಲಾಡಳಿತ ಇತ್ಯಾದಿಗೆ, ನೇರವಾಗಿ ಬರೆಯಬಹುದು. ಕೇಂದ್ರ ಸರ್ಕಾರಕ್ಕೆ ಬರೆಯುವುದು ಮಾತ್ರ ಇಲ್ಲಿನ ಕಾನೂನು, ರೂಢಿ ಒಪ್ಪಿದಷ್ಟಕ್ಕೆ. ಕಾನ್ಸುಲ್ ಜನರಲ್ ಕೆಲಸ ಶುರುಮಾಡಲು ತಮ್ಮ ದೇಶದ ನೇಮಕ ಪತ್ರ ಸಾಲದು, ಭಾರತ ಸರ್ಕಾರದ ಎಕ್ಸಿಕ್ವೇಟರ್ ಎಂಬ ಅನುಮತಿ ಬೇಕು. ರಾಜ್ಯ ಸರ್ಕಾರ ತಾನಾಗಿ ವಿದೇಶಿ ಸರ್ಕಾರದೊಂದಿಗೆ ರಾಜತಾಂತ್ರಿಕ ಪತ್ರ ವ್ಯವಹಾರ ನಡೆಸುವಂತಿಲ್ಲ, ವಿದೇಶಾಂಗ ವ್ಯವಹಾರ ಕೇಂದ್ರ ಪಟ್ಟಿಯಲ್ಲಿದೆ.

ರಾಯಭಾರಿಯದು ಇನ್ನೂ ಉದ್ದದ ದಾರಿ. ಮೊದಲು ಗುಟ್ಟಾಗಿ ಹೆಸರು ಕಳಿಸಿ ಅಗ್ರೆಮಾ, ಅಂದರೆ ಪೂರ್ವಸಮ್ಮತಿ, ಕೇಳಬೇಕು. ನಿರಾಕರಿಸಿದರೆ ಕಾರಣ ಹೇಳಬೇಕಾಗಿಲ್ಲ. 2015ರಲ್ಲಿ ಇಸ್ರೇಲ್ ಬ್ರೆಜಿಲ್‌ಗೆ ದಾನಿ ದಯಾನ್ ಹೆಸರನ್ನು ಸಮ್ಮತಿ ಬರುವ ಮೊದಲೇ ಬಹಿರಂಗ ಮಾಡಿತು. ಬ್ರೆಜಿಲ್ ಬೇಡ ಎಂದೂ ಹೇಳಲಿಲ್ಲ, ಹೂಂ ಎಂದೂ ಹೇಳಲಿಲ್ಲ. 2016ರಲ್ಲಿ ಅವರನ್ನು ನ್ಯೂಯಾರ್ಕ್‌ಗೆ ಕಾನ್ಸುಲ್ ಜನರಲ್ ಮಾಡಿ ಕಳಿಸಬೇಕಾಯಿತು. ಸಮ್ಮತಿ ಬಂದ ಮೇಲೆ ರಾಷ್ಟ್ರಾಧ್ಯಕ್ಷರಿಂದ ರಾಷ್ಟ್ರಾಧ್ಯಕ್ಷರಿಗೆ ಮೊಹರು ಮಾಡಿದ ವಿಶ್ವಾಸಪತ್ರ. ಅದರ ತೆರೆದ ಪ್ರತಿಯನ್ನು ಮೊದಲೇ ವಿದೇಶಾಂಗ ಸಚಿವಾಲಯಕ್ಕೆ ಕೊಡಬೇಕು, ಜೊತೆಗೆ ಹಿಂದಿನವರನ್ನು ವಾಪಸ್ ಕರೆಸಿಕೊಂಡ ಪತ್ರ.

ಶರಾವತಿ_ಓದುಗ

ಮೊದಲ ಪ್ರಶ್ನೆಗೇ ಬರುತ್ತೇನೆ. ಹಸೀನಾ ವಿಷಯದ ಟಿಪ್ಪಣಿಯಿಂದ ಭಾರತಕ್ಕೆ ಏನಾದರೂ ಬಾಧ್ಯತೆ ಬಂತೇ?

ವಿಯೆನ್ನಾ_61

ಟಿಪ್ಪಣಿಯಿಂದ ಅಲ್ಲ. ಬಾಧ್ಯತೆ ಏನಿದ್ದರೂ 2013ರ ಭಾರತ-ಬಾಂಗ್ಲಾದೇಶ ಗಡೀಪಾರು (ಆರೋಪಿಗಳನ್ನು ಒಪ್ಪಿಸುವ) ಒಪ್ಪಂದದಿಂದ. ಕೋರಿಕೆ ರಾಜತಾಂತ್ರಿಕ ಮಾರ್ಗದಲ್ಲಿ ಬರಬೇಕೆಂದು ಒಪ್ಪಂದ ಹೇಳುತ್ತದೆ. ಬಾಂಗ್ಲಾದೇಶ ಹೈಕಮಿಷನ್ ಕೊಟ್ಟ ಟಿಪ್ಪಣಿ ಆ ಮಾರ್ಗದ ಲಕೋಟೆ. ಒಳಗೆ ಬಂಧನದ ವಾರಂಟ್, ಆರೋಪದ ವಿವರ ಏನಿದೆ ಎಂಬುದರ ಮೇಲೆ ಪರಿಶೀಲನೆ ನಡೆಯುತ್ತದೆ. "ತಲುಪಿದೆ" ಎಂದು ಹೇಳಿದ್ದು ಸ್ವೀಕೃತಿ ಮಾತ್ರ.

ಆದರೂ ಟಿಪ್ಪಣಿಯಲ್ಲಿ ಬರೆದದ್ದು ಬರೆದವರನ್ನೇ ಹಿಡಿದುಹಾಕಬಹುದು. ಪಾಕಿಸ್ತಾನ ಬೇಹುಗಾರಿಕೆ ಆರೋಪದಲ್ಲಿ ಬಂಧಿಸಿದ ಭಾರತೀಯ ಕುಲಭೂಷಣ್ ಜಾಧವ್ ಪ್ರಕರಣದಲ್ಲಿ ಭಾರತ 2016ರ ಮಾರ್ಚ್ 25ರಿಂದಲೇ ಕಾನ್ಸುಲರ್ ಭೇಟಿ ಕೇಳುತ್ತ ಬಂತು, ಪ್ರತಿ ಸಲವೂ ಬರಹದಲ್ಲಿ, ದಿನಾಂಕದೊಂದಿಗೆ. ಪಾಕಿಸ್ತಾನ 2017ರ ಮಾರ್ಚ್ 21ರ ನೋಟ್ ವರ್ಬಾಲ್‌ನಲ್ಲಿ, ತನಿಖೆಗೆ ನೀವು ಕೊಡುವ ಸಹಕಾರವನ್ನು ನೋಡಿಕೊಂಡು ಭೇಟಿಯ ಕೋರಿಕೆ ಪರಿಗಣಿಸುತ್ತೇವೆ ಎಂದಿತು. ಕಾನ್ಸುಲರ್ ಭೇಟಿಗೆ 1963ರ ಒಪ್ಪಂದದ 36ನೇ ವಿಧಿ ಕೊಡುವ ಹಕ್ಕಿಗೆ ಅಂಥ ಷರತ್ತು ಹಾಕಲು ಬರುವುದಿಲ್ಲ. 2019ರ ಜುಲೈ 17ರಂದು 15ಕ್ಕೆ 1 ಮತದಿಂದ ಪಾಕಿಸ್ತಾನ ಆ ವಿಧಿಯನ್ನು ಉಲ್ಲಂಘಿಸಿದೆ ಎಂದು ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ತೀರ್ಪಾಯಿತು. ಷರತ್ತು ಹಾಕಿದ್ದಕ್ಕೆ ಬೇರೆ ಸಾಕ್ಷಿ ಹುಡುಕಬೇಕಾಗಿರಲಿಲ್ಲ, ಅವರದೇ ಟಿಪ್ಪಣಿ ಕಡತದಲ್ಲಿತ್ತು.